ಬೋರ್ಡಿಗೆ ಮೊದಲು ಹೋದವನೇ ಗೆದ್ದ

ನಮ್ಮ ವಾಯುನೆಲೆಯಲ್ಲಿ ಒಂದು ಮಾತಿತ್ತು. ಕಾಳಗ ಗೆಲ್ಲುವುದು ಆಕಾಶದಲ್ಲಲ್ಲ, ಬೋರ್ಡಿಗೆ ಮೊದಲು ಹೋದವನೇ ಗೆದ್ದ. ಹೊಸಬರು ಇದನ್ನು ತಮಾಷೆ ಅಂದುಕೊಂಡು ನಗುತ್ತಿದ್ದರು. ಒಂದು ವಾರ ಕಳೆದ ಮೇಲೆ ನಗುತ್ತಿರಲಿಲ್ಲ.

ಅಭ್ಯಾಸದ ಕಾಳಗದಲ್ಲಿ ಗುಂಡು ಹಾರುವುದಿಲ್ಲ, ಯಾರೂ ಬೀಳುವುದಿಲ್ಲ. ರೆಕ್ಕೆಯ ಕೆಳಗಿನ ಕ್ಷಿಪಣಿಗೆ ತಲೆ ಉಂಟು, ಹೊಟ್ಟೆಯಲ್ಲಿ ಮದ್ದಿಲ್ಲ. ಎದುರಾಳಿಯ ಎಂಜಿನ್ನಿನ ಬಿಸಿ ಕಂಡರೆ ಆ ತಲೆ ಪೈಲಟ್ಟನ ಕಿವಿಯಲ್ಲಿ ನಾಯಿಯ ಹಾಗೆ ಗುರುಗುಟ್ಟುತ್ತದೆ. ಆಗ ಗುಂಡಿ ಒತ್ತಿ, ರೇಡಿಯೋದಲ್ಲಿ 'ಹೊಡೆದೆ' ಅನ್ನಬೇಕು. ಇವನೂ ಹೊಡೆದೆ ಅಂದಿರುತ್ತಾನೆ, ಅವನೂ ಹೊಡೆದೆ ಅಂದಿರುತ್ತಾನೆ. ಸತ್ತವನು ಯಾರು, ಉಳಿದವನು ಯಾರು? ಅದು ತೀರ್ಮಾನವಾಗುತ್ತಿದ್ದದ್ದು ಇಳಿದ ಮೇಲೆ, ವಿಚಾರಣೆ ಕೋಣೆಯಲ್ಲಿ. ಅಲ್ಲಿ ಗೋಡೆಯುದ್ದಕ್ಕೂ ಕರಿಯ ಬೋರ್ಡು, ಕೆಳಗೆ ಬಣ್ಣದ ಸೀಮೆಸುಣ್ಣ. ಒಳಗೆ ಬರುವಾಗ ಎಲ್ಲರೂ ಎದೆಯ ಮೇಲಿನ ಹೆಸರಿನ ಪಟ್ಟಿ, ಭುಜದ ಮೇಲಿನ ದರ್ಜೆಯ ಪಟ್ಟಿ ಕಿತ್ತು ಬಾಗಿಲ ಹತ್ತಿರದ ಬುಟ್ಟಿಗೆ ಹಾಕಬೇಕು. ಒಳಗೆ ಮೇಜರೂ ಇಲ್ಲ, ಲೆಫ್ಟಿನೆಂಟೂ ಇಲ್ಲ, ತಪ್ಪು ಯಾರದ್ದಾದರೂ ಹೇಳಬಹುದು. ಹಾಗಂತ ನಿಯಮ. ಆದರೆ ಸೀಮೆಸುಣ್ಣ ಹಿಡಿದವನಿಗೆ ಒಂದು ದರ್ಜೆ ಬಂದೇ ಬರುತ್ತಿತ್ತು. ಅವನು ಎಳೆದ ಗೆರೆಯೇ ಕಾಳಗ. ಉಳಿದವರು ಆ ಗೆರೆಗೆ ತಿದ್ದುಪಡಿ ಕೇಳುವ ಬಡಪಾಯಿಗಳು.

ಬೋರ್ಡಿಗೆ ಮೊದಲು ಹೋಗುವವನು ಯಾವಾಗಲೂ ಮೇಜರ್ ಥರ್ಮನ್ ಓಕರ್‌ಲಂಡ್.

ಥರ್ಮನ್ ಉತ್ತರ ಡಕೋಟದ ಸಕ್ಕರೆಗೆಡ್ಡೆ ಬೆಳೆಯುವ ಮನೆತನದವನು. ಎತ್ತಿನ ಕತ್ತು, ದಪ್ಪ ಬೆರಳು, ಬಾಯಲ್ಲಿ ಸದಾ ಒಂದು ಹಲ್ಲುಕಡ್ಡಿ. ನಮ್ಮ ನೆವಾಡದ ಮರಳುಗಾಡಿನ ನೆಲೆಯಲ್ಲಿ ಅವನ ಕೆಲಸ ಶತ್ರುವಾಗುವುದು. ನಾನಾ ಕಡೆಯಿಂದ ಎಳೆಯ ಪೈಲಟ್ಟುಗಳು ಕಾಳಗ ಕಲಿಯಲು ಬರುತ್ತಿದ್ದರು. ಅವರ ಎದುರಿಗೆ ಚಿಕ್ಕ, ಚುರುಕು ವಿಮಾನದಲ್ಲಿ ಶತ್ರುವಿನ ಹಾಗೆ ಹಾರಿ, ಅವರನ್ನು ಬೆವರಿಳಿಸಿ, ಇಳಿದ ಮೇಲೆ ಎಲ್ಲಿ ತಪ್ಪಿದಿರಿ ಅಂತ ಹೇಳಿಕೊಡುವ ತಂಡ ಒಂದಿತ್ತು. ಅದರಲ್ಲಿ ಥರ್ಮನ್ ಎಲ್ಲರಿಗಿಂತ ಹಳಬ. ಕರ್ನಲ್ ಆಗಲಿಲ್ಲ, ಆಗುವ ಆಸೆಯೂ ಇದ್ದಂತಿರಲಿಲ್ಲ. ಅವನಿಗಿದ್ದದ್ದು ಆ ಬೋರ್ಡಿನ ಆಸೆ.

ನಾನು ಆಗ ಅಲ್ಲಿ ಫಿಲ್ಮ್ ತೊಳೆಯುವವನು. ವಿಮಾನದ ಮೂಗಿನ ಕ್ಯಾಮೆರಾದ ಫಿಲ್ಮು. ಅದರಲ್ಲಿ ಹತ್ತಕ್ಕೆ ಎಂಟು ಸಲ ಬರೀ ಆಕಾಶ ಇರುತ್ತಿತ್ತು. ತೊಳೆದ ಫಿಲ್ಮು ತೋರಿಸಲು ಆ ಕೋಣೆಯ ಹಿಂದುಗಡೆ ಪ್ರೊಜೆಕ್ಟರ್ ಹಿಡಿದು ಕೂತಿರುತ್ತಿದ್ದೆ. ಅದಕ್ಕೇ ಇದನ್ನೆಲ್ಲ ಕಣ್ಣಾರೆ ಕಂಡವನು ನಾನು.

ಥರ್ಮನ್ ಬರೆಯುವುದನ್ನು ನೋಡಬೇಕಿತ್ತು. ಎರಡು ಕೈಯಲ್ಲೂ ಸೀಮೆಸುಣ್ಣ. ಎಡಗೈಯಲ್ಲಿ ಕೆಂಪು, ಅದು ಅವನು. ಬಲಗೈಯಲ್ಲಿ ನೀಲಿ, ಅದು ಶಿಷ್ಯ. ಎರಡೂ ಕೈ ಒಟ್ಟಿಗೇ ಹೊರಡುತ್ತಿದ್ದವು, ಒಂದನ್ನೊಂದು ಸುತ್ತುತ್ತಿದ್ದವು, ಕೆಂಪು ಗೆರೆ ಒಳಸುತ್ತಿನಲ್ಲಿ ನುಗ್ಗಿ ನೀಲಿಯ ಬಾಲಕ್ಕೆ ಅಂಟುತ್ತಿತ್ತು.

"ಇಲ್ಲಿ ನೋಡಪ್ಪ, ನೀನು ಮೂಗು ಎತ್ತಿದೆ. ವೇಗ ಹೋಯ್ತು. ನಾನು ಹೀಗೆ ಒಳಗೆ ಬಂದೆ. ಇಲ್ಲಿ ನಿನ್ನ ಅಂತ್ಯಕ್ರಿಯೆ ಆಯ್ತು. ನಿಮ್ಮಮ್ಮನಿಗೆ ನಾನೇ ಹೇಳಿ ಕಳಿಸ್ಲಾ, ನೀನೇ ಹೇಳ್ತೀಯಾ?"

ಕೋಣೆ ನಗುತ್ತಿತ್ತು. ಶಿಷ್ಯನೂ ನಗುತ್ತಿದ್ದ. ಅದರಲ್ಲಿ ವಿಷವಿರಲಿಲ್ಲ. ತಾನು ಸೋತ ದಿನ ಸೋತೆ ಅಂತಲೇ ಬರೆಯುತ್ತಿದ್ದ ಥರ್ಮನ್, ಅದೇ ಖುಷಿಯಿಂದ. ಅವನು ಸುಳ್ಳನಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಕೆಲವರು ಬೇರೆ ಥರ ಮಾತಾಡಿದರು. ಅಂಥವರ ಜೊತೆ ನಾನು ಇವತ್ತಿಗೂ ಕಾಫಿ ಕುಡಿಯುವುದಿಲ್ಲ.

ಮನೆಯಲ್ಲೂ ಇದೇ ಕಥೆ. ಅವನ ಹೆಂಡತಿ ಆರ್ಡಿಸ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಭಾನುವಾರ ಅವರ ಮನೆಗೆ ಊಟಕ್ಕೆ ಹೋದರೆ ಮಾಂಸದ ಸಾರು ತಣ್ಣಗಾಗುತ್ತಿತ್ತು. ಥರ್ಮನ್ ಎರಡು ಫೋರ್ಕು ಹಿಡಿದು ಮೇಜಿನ ಮೇಲೆ ಕಾಳಗ ನಡೆಸುತ್ತಿದ್ದ.

"ಈ ಮನೇಲಿ ಫೋರ್ಕುಗಳು ಬಾಯಿಗೆ ಹೋಗಿದ್ದಕ್ಕಿಂತ ಗಾಳೀಲಿ ಹಾರಿದ್ದೇ ಜಾಸ್ತಿ ಕಣೋ ಲೈಲ್," ಅನ್ನುತ್ತಿದ್ದಳು ಆರ್ಡಿಸ್. "ನಮ್ಮಿಬ್ಬರ ಮದುವೆ ಕಥೆ ಕೇಳು ಇವರ ಬಾಯಲ್ಲಿ. ಡ್ಯಾನ್ಸಿನ ದಿನ ಇವರೇ ಬಂದು, ಕುಣಿಯೋಣ ಬಾ ಅಂತ ನನ್ನ ಕೈ ಕೇಳಿದ್ರಂತೆ."

"ಕೇಳಿದ್ದು ನಾನೇ!"

"ಗೋಡೆಗೆ ಒರಗಿಕೊಂಡು ಬೂಟು ನೋಡ್ತಾ ನಿಂತಿದ್ರಿ. ಎಳ್ಕೊಂಡು ಹೋದೋಳು ನಾನು. ಅಲ್ಲೂ ಬೋರ್ಡಿಗೆ ಇವರೇ ಮೊದ್ಲು ಹೋದ್ರು, ಊರೆಲ್ಲ ಇವರ ಮಾತೇ ನಂಬ್ತು."

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಯಂತ್ರ ಬಂತು. ವಿಮಾನದ ರೆಕ್ಕೆಗೆ ಒಂದು ಉದ್ದನೆಯ ಕೊಳವೆ ಕಟ್ಟುತ್ತಿದ್ದರು. ಅದಕ್ಕೆ ಪಾಡ್ ಅಂತ ಹೆಸರು. ಸುತ್ತಲಿನ ಬೋಳು ಗುಡ್ಡಗಳ ಮೇಲೆ ಕಬ್ಬಿಣದ ಗೋಪುರ ನಿಲ್ಲಿಸಿದರು. ಪಾಡ್ ಕ್ಷಣಕ್ಷಣಕ್ಕೂ ತಾನೆಲ್ಲಿದ್ದೇನೆ, ಎಷ್ಟು ವೇಗ, ಎಷ್ಟು ಎತ್ತರ, ಯಾವ ಕಡೆ ವಾಲಿದ್ದೇನೆ ಅಂತ ಗೋಪುರಗಳಿಗೆ ಕೂಗಿ ಹೇಳುತ್ತಿತ್ತು. ಅದೆಲ್ಲ ಕಂಪ್ಯೂಟರಿಗೆ ಹೋಗಿ, ವಿಚಾರಣೆ ಕೋಣೆಯಲ್ಲಿ ಬೋರ್ಡಿನ ಪಕ್ಕಕ್ಕೇ ಹಾಕಿದ ದೊಡ್ಡ ಪರದೆಯ ಮೇಲೆ ಎರಡು ಹೊಳೆಯುವ ಗೆರೆಗಳಾಗಿ ಮೂಡುತ್ತಿತ್ತು. ಪೈಲಟ್ ಗುಂಡಿ ಒತ್ತಿದರೆ ಕ್ಷಿಪಣಿ ಮುಟ್ಟುತ್ತಿತ್ತೋ ತಪ್ಪುತ್ತಿತ್ತೋ ಅದನ್ನೂ ಲೆಕ್ಕ ಹಾಕಿ ಹೇಳುತ್ತಿತ್ತು. ಫಿಲ್ಮಿನ ಕೆಲಸ ಹೋಯಿತು. ನನ್ನನ್ನು ಈ ಪರದೆ ನಡೆಸಲು ಕೂರಿಸಿದರು. ಕಲಿಸಲು ಯಂತ್ರದ ಕಂಪನಿಯಿಂದ ನಡೀನ್ ಪೆಟ್ರೋಸ್ಕಿ ಎಂಬ ಎಂಜಿನಿಯರ್ ಬಂದಳು. ಸಣ್ಣ ಆಳು, ದಪ್ಪ ಕನ್ನಡಕ, ಮಾತು ಕಡಿಮೆ.

ಮೊದಲ ದಿನ ಥರ್ಮನ್ ಎಂದಿನಂತೆ ಇಳಿದ, ಓಡಿ ಬಂದ, ಎರಡೂ ಕೈಯಲ್ಲಿ ಬರೆದ. ಮೂರನೆಯ ಸುತ್ತಿನಲ್ಲಿ ಕೆಂಪು ಒಳಗೆ ನುಗ್ಗಿತು, ನೀಲಿ ಸತ್ತಿತು. ಶಿಷ್ಯ ತಲೆಯಾಡಿಸಿದ. ಆಮೇಲೆ ನಡೀನ್ ಅಂದಳು, "ಈಗ ಇದನ್ನೂ ನೋಡೋಣ್ವಾ?"

ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಗೆರೆಗಳು ಹೊರಟವು. ಮೊದಲ ಸುತ್ತು ಬೋರ್ಡಿನ ಹಾಗೇ ಇತ್ತು. ಎರಡನೆಯದರಲ್ಲಿ ಕೊಂಚ ಬೇರೆಯಾಯಿತು. ಮೂರನೆಯದರಲ್ಲಿ ಥರ್ಮನ್ ಒಳಗೆ ಇರಲೇ ಇಲ್ಲ. ಹೊರಗಡೆ ಅಗಲವಾಗಿ ಸುತ್ತುತ್ತಿದ್ದ. ಶಿಷ್ಯ ಅವನ ಬೆನ್ನ ಹಿಂದೆಯೇ ಹಾದು ಹೋಗಿದ್ದ. ಬೇಕಿದ್ದರೆ ಹೊಡೆಯಬಹುದಿತ್ತು. ಶಿಷ್ಯನಿಗೂ ಅದು ಗೊತ್ತಾಗಿರಲಿಲ್ಲ.

ಥರ್ಮನ್ ಬಾಯಿಯ ಕಡ್ಡಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದ.

"ನಿಮ್ಮ ಪೆಟ್ಟಿಗೆ ಕುಡಿದಿದೆ ಕಣಮ್ಮ," ಅಂದ.

ನನಗೆ ರೇಗಿಹೋಯಿತು. ಎಲ್ಲರೂ ಹೋದ ಮೇಲೆ ನಡೀನಳ ಮೇಲೆ ಹರಿಹಾಯ್ದೆ. "ಅವರು ಹಾರೋಕೆ ಶುರು ಮಾಡಿದಾಗ ನೀನಿನ್ನೂ ಗೊಂಬೆ ಆಡ್ತಿದ್ದೆ. ಬಿಸಿಲಿಗೆ ಕಾದು ನಿಮ್ಮ ತಗಡಿಗೆ ತಲೆ ತಿರುಗಿದೆ. ಆ ಮನುಷ್ಯನಿಗೆ ಎಲ್ಲರೆದುರು ಅವಮಾನ ಮಾಡಿದೆಯಲ್ಲ!"

ಅವಳು ಕನ್ನಡಕ ಒರೆಸಿಕೊಂಡಳು. "ಆಯ್ತು. ಪರೀಕ್ಷೆ ಮಾಡೋಣ. ಎಲ್ಲಿ, ಹೇಗೆ ಅಂತ ನೀವೇ ಹೇಳಿ."

ಒಣಗಿದ ಕೆರೆಯಂಗಳದಲ್ಲಿ ಬಾಂಬು ಗುರಿಗೆಂದು ಸುಣ್ಣ ಹಾಕಿದ ದೊಡ್ಡ ವೃತ್ತವೊಂದಿತ್ತು. ಅದರ ಅಂಚಿನ ಮೇಲೇ ಒಂದು ವಿಮಾನ ಸುತ್ತಿ ಬರಲಿ ಅಂದೆ. ಬಂತು. ಪರದೆಯ ಮೇಲಿನ ಗೆರೆ ಆ ವೃತ್ತದ ಮೇಲೆ ಬಳೆಯ ಮೇಲೆ ಬಳೆ ಇಟ್ಟಂತೆ ಕೂತಿತು. ಇನ್ನೊಂದು ಸಲ ಮಾಡಿಸಿದೆ. ಹಾಗೇ ಕೂತಿತು. ನಾನು ಕುರ್ಚಿ ಒದ್ದು ಹೊರಗೆ ಹೋದೆ. ಯಂತ್ರ ಸರಿಯಿತ್ತು. ನಡೀನ್ ಈ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ. ದೊಡ್ಡ ಮನಸ್ಸು.

ಮುಂದಿನ ದಿನಗಳಲ್ಲಿ ಬೋರ್ಡಿಗೆ ಓಡುವವರು ಕಡಿಮೆಯಾದರು. ಎಲ್ಲರ ಗೆರೆಯೂ ಸುಳ್ಳಾಗುತ್ತಿತ್ತು, ಥರ್ಮನ್ನನದೊಂದೇ ಅಲ್ಲ. ಬೇರೆ ಗುರುಗಳು ಭುಜ ಕುಣಿಸಿ ಸುಮ್ಮನಾದರು. "ಸರಿ, ಇನ್ನು ಮೇಲೆ ಪೆಟ್ಟಿಗೆಯೇ ಹೇಳಲಿ," ಅಂದರು. ಥರ್ಮನ್ನನಿಗೆ ಅದು ಆಗಲಿಲ್ಲ. ಕಲಿಸುವಾಗಿನ ಅವನ ತಮಾಷೆ ನಿಂತಿತು. ಭಾನುವಾರ ಹೋದರೆ ಸಾರು ಬಿಸಿಯಾಗಿಯೇ ಹೊಟ್ಟೆ ಸೇರುತ್ತಿತ್ತು. ಆರ್ಡಿಸ್ ಬಾಗಿಲ ತನಕ ಬಂದು ಪಿಸುಗುಟ್ಟಿದಳು, "ಫೋರ್ಕು ಮುಟ್ತಾನೇ ಇಲ್ಲ ಕಣೋ. ಚಮಚದಲ್ಲಿ ತಿಂತಾರೆ. ನನಗ್ಯಾಕೋ ಭಯ."

ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ ಥರ್ಮನ್ ವಿಚಾರಣೆ ಕೋಣೆಗೆ ಬಂದ. ಬಾಗಿಲು ಹಾಕಿಕೊಂಡ.

"ಲೈಲ್, ಬೆಳಿಗ್ಗೆದು ಹಾಕ್ಬೇಡ. ಮೊದ್ಲು ನಾನು ಬರೀತೀನಿ. ಆಮೇಲೆ ಹಾಕು."

ಬೋರ್ಡಿನ ಮೇಲೆ ತನ್ನ ನೆನಪಿನ ಕಾಳಗ ಬರೆದ. ಆಮೇಲೆ ಪರದೆಯದ್ದನ್ನು ನೋಡಿದ. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟುಕೊಂಡು, ಎಲ್ಲಿಂದ ಗೆರೆ ಬೇರೆಯಾಯಿತು ಅಂತ ಬೆರಳಿಟ್ಟು ಹುಡುಕಿದ. ಮಾರನೆಯ ದಿನವೂ ಬಂದ. ಆ ಚಳಿಗಾಲವೆಲ್ಲ ಬಂದ. ನಾನು ಹುರಿದ ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತ ಗುಂಡಿ ಒತ್ತುತ್ತಿದ್ದೆ. ಮೊದಮೊದಲು ನನಗೆ ಸಂಕಟವಾಗುತ್ತಿತ್ತು. ಗಾಯ ಕೆರೆದುಕೊಳ್ಳುವುದಕ್ಕೂ ಒಂದು ಮಿತಿ ಬೇಡವೇ?

"ಸಾಕು ಬಿಡಿ ಮೇಜರ್," ಅಂದೆ ಒಂದು ದಿನ. "ಯಾರಿಗೆ ಬೇಕು ಇದು? ಎಲ್ಲರೂ ತಪ್ಪೇ."

"ಎಲ್ಲರೂ ತಪ್ಪು, ಸರಿ. ಆದ್ರೆ ನಾನು ಹೇಗೆ ತಪ್ಪು ಅಂತ ನನಗೆ ಗೊತ್ತಾಗ್ಬೇಕಲ್ಲಯ್ಯ." ಬೋರ್ಡಿನ ಮೇಲೆ ಒಂದು ಕಡೆ ಬೆರಳಿಟ್ಟ. "ಇಲ್ಲಿ ತನಕ ನಾನು ಸರಿ. ದಿನಾ ಇಲ್ಲಿ ತನಕ ಸರಿ. ಇಲ್ಲಿ ಕತ್ತು ಹಿಂದಕ್ಕೆ ತಿರುಗಿಸ್ತೀನಿ, ಮೈಮೇಲೆ ಆರು ಜನ ಕೂತಷ್ಟು ಭಾರ ಬೀಳುತ್ತೆ, ಕಣ್ಣಿನ ಅಂಚು ಮಂಜಾಗುತ್ತೆ. ಅಲ್ಲಿಂದ ನನ್ನ ನೆನಪು ನನಗೆ ಬೇಕಾದ ಹಾಗೆ ಬರೆಯೋಕೆ ಶುರು ಮಾಡುತ್ತೆ. ನಾನು ಯಾವಾಗ್ಲೂ ಒಳಗೆ. ಅವನು ಯಾವಾಗ್ಲೂ ನಿಧಾನ."

"ಅಂದ್ರೆ ಸುಳ್ಳು ಹೇಳ್ತಿದ್ರಿ ಅಂತೀರಾ?"

"ಸುಳ್ಳಾಗಿದ್ರೆ ಸುಲಭ ಇತ್ತು, ಬಿಡಬಹುದಾಗಿತ್ತು. ಕಂಡಿದ್ದನ್ನೇ ಹೇಳ್ತಿದ್ದೆ. ಅದೇ ಕಷ್ಟ." ಕಡ್ಡಿ ಜಗಿದ. "ಅವತ್ತು ಡ್ಯಾನ್ಸಲ್ಲಿ ಆರ್ಡಿಸ್ ಹೇಳಿದ ಹಾಗೇ ಆಗಿರಬಹುದು ನೋಡು."

ಇಷ್ಟು ಹೇಳಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು.

ಆ ವಸಂತದಲ್ಲಿ ಬಂದ ತಂಡದಲ್ಲಿ ವೈಲಿ ಸ್ಟ್ಯಾನ್ಸಿಲ್ ಎಂಬ ಲೆಫ್ಟಿನೆಂಟ್ ಇದ್ದ. ಪಶ್ಚಿಮ ವರ್ಜೀನಿಯದ ಕಲ್ಲಿದ್ದಲು ಗಣಿ ಊರಿನವನು. ಉದ್ದ ಆಳು, ಮೆಲ್ಲಗೆ ಮಾತು. ಎಲ್ಲರಿಗೂ 'ಸರ್' ಅನ್ನುತ್ತಿದ್ದ, ನನಗೂ. "ನಮ್ಮ ಮನೇಲಿ ಅಜ್ಜ, ಅಪ್ಪ, ಚಿಕ್ಕಪ್ಪಂದಿರು ಎಲ್ಲ ನೆಲದ ಕೆಳಗೆ ಇಳಿದೋರು ಸರ್. ತಲೆ ಎತ್ತಿ ನೋಡಿದೋನು ನಾನೊಬ್ನೇ," ಅಂದಿದ್ದ ಒಮ್ಮೆ, ಪಾಡ್ ಕಟ್ಟುವಾಗ ಪಕ್ಕದಲ್ಲಿ ನಿಂತು.

ಹಾರಾಟ ಚೆನ್ನಾಗಿತ್ತು. ಆದರೆ ಕಾಳಗ ಬೇರೆಯೇ ಹಾರಾಟ. ತರಬೇತಿಯ ಕೊನೆಯಲ್ಲಿ ಪರೀಕ್ಷೆಯ ಕಾಳಗಗಳಿರುತ್ತವೆ. ಮೂರು ಸೋತವನು ಯುದ್ಧವಿಮಾನ ಬಿಟ್ಟು ಬೇರೆ ವಿಮಾನಕ್ಕೆ ಹೋಗಬೇಕು, ಮತ್ತೆ ಬರುವ ದಾರಿಯಿಲ್ಲ. ಅದು ನಮ್ಮ ಮುಖ್ಯಸ್ಥ ಕರ್ನಲ್ ಬರ್ಡೆಟ್ ಹ್ಯಾಲಮ್‌ನ ನಿಯಮ. ವೈಲಿ ಎರಡು ಸೋತಿದ್ದ. ಮೂರನೆಯದಕ್ಕೆ ಶತ್ರುವಾಗಿ ಹೋದವನು ಥರ್ಮನ್.

ಪರದೆಯ ಮುಂದೆ ನಾನು, ನಡೀನ್, ಕರ್ನಲ್, ವೈಲಿಯ ತಂಡದ ಇಬ್ಬರು ಮೂವರು. ಎರಡು ಗೆರೆ ಎದುರುಬದುರಾಗಿ ಬಂದು ಒಂದನ್ನೊಂದು ದಾಟಿದವು, ಸುತ್ತತೊಡಗಿದವು. ಮೊದಲ ಸುತ್ತು ಸಮಸಮ. ಎರಡನೆಯ ಸುತ್ತು ಅರ್ಧ ಆಗುವಾಗ ವೈಲಿಯ ಗೆರೆ ನಿಂತಿತು. ಮಿನುಗಿತು. ಮಾಯವಾಯಿತು.

"ಏನಾಯ್ತು?" ಕರ್ನಲ್ ಎದ್ದು ನಿಂತ. "ಬಿದ್ದನಾ?"

"ಇಲ್ಲ, ಮಾತು ಕೇಳ್ತಿದೆ. ಪಾಡ್ ಸತ್ತಿದೆ," ಅಂದಳು ನಡೀನ್.

ಪರದೆಯ ಮೇಲೆ ಥರ್ಮನ್ ಒಬ್ಬನೇ ಉಳಿದ. ಯಾರೂ ಇಲ್ಲದ ಕಡೆ ಸುತ್ತುತ್ತಿದ್ದ, ಬಳುಕುತ್ತಿದ್ದ, ಬರಿಯ ಗಾಳಿಯ ಜೊತೆ ಗುದ್ದಾಡುತ್ತಿದ್ದ. ನೋಡಲಾಗಲಿಲ್ಲ ನನಗೆ. ಆಮೇಲೆ ರೇಡಿಯೋದಲ್ಲಿ ಎರಡು ದನಿ ಒಂದರ ಮೇಲೊಂದು ಬಿದ್ದವು. "ಹೊಡೆದೆ!" "ಹೊಡೆದೆ!"

ಮೇಜಿಗೆ ಗುದ್ದಿದೆ. ಕಾಫಿ ಚೆಲ್ಲಿತು. ಅಷ್ಟೆಲ್ಲ ಗೋಪುರ, ಅಷ್ಟೆಲ್ಲ ತಂತಿ, ಬೇಕಾದ ಹೊತ್ತಿಗೇ ಮೂಕ!

ವಿಚಾರಣೆ ಕೋಣೆಯಲ್ಲಿ ಪಟ್ಟಿಗಳು ಬುಟ್ಟಿಗೆ ಬಿದ್ದವು. ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರ ಕಣ್ಣೂ ಬೋರ್ಡಿನ ಕಡೆ ತಿರುಗಿದವು. ಕರ್ನಲ್ ಕಾಲ ಮೇಲೆ ಕಾಲು ಹಾಕಿ ಕೂತ.

"ಸರಿ ಥರ್ಮನ್. ಹಳೇ ಕಾಲ ಬಂತು ಅಂದ್ಕೋ. ಬರಿ."

ಗೋಡೆಗೆ ಒರಗಿ ನಿಂತಿದ್ದ ವೈಲಿಯ ಮುಖದಲ್ಲಿ ರಕ್ತವಿರಲಿಲ್ಲ. ಥರ್ಮನ್ ಸೀಮೆಸುಣ್ಣ ತೆಗೆದುಕೊಂಡ. ಒಂದೇ ಕೈಯಲ್ಲಿ. ಮೊದಲ ಸುತ್ತು ಬರೆದ. ಎರಡನೆಯದು ಅರ್ಧ ಬರೆದ. ಅಲ್ಲಿಗೆ ಕೈ ನಿಂತಿತು.

"ಮುಂದೆ?" ಅಂದ ಕರ್ನಲ್.

"ಮುಂದಿನದು ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಹೊಡೆದೆ ಅಂತ ಕೂಗಿದ್ದು ನೀನೇ ತಾನೆ?"

"ಕೂಗಿದೆ. ಕಂಡ ಹಾಗೆ ಹೇಳೋದಾದ್ರೆ, ನಾನು ಒಳಗಿದ್ದೆ, ಇವನು ನಿಧಾನವಾದ, ಹೊಡೆದೆ. ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ನನಗೆ ಯಾವಾಗ್ಲೂ ಹೀಗೇ ಕಾಣೋದು. ಈ ಚಳಿಗಾಲ ಪೂರ್ತಿ ಅದನ್ನೇ ನೋಡಿದ್ದೀನಿ. ಇಲ್ಲಿಂದ ಮುಂದೆ ನನ್ನ ಕಣ್ಣು ಸಾಕ್ಷಿಗೆ ಬರಲ್ಲ."

"ಏನಯ್ಯಾ ಇದು, ಚರ್ಚಿನಲ್ಲಿ ಪಾದ್ರಿ ಹತ್ರ ತಪ್ಪು ಒಪ್ಕೊಳ್ಳೋ ಹಾಗೆ! ಇಷ್ಟು ವರ್ಷ ಈ ಬೋರ್ಡಿನ ಮೇಲೆ ಎಷ್ಟು ಜನರನ್ನ ಸಾಯಿಸಿದ್ದೀಯ?"

"ಅದನ್ನೇ ಯೋಚನೆ ಮಾಡ್ತಾ ಇದ್ದೀನಿ," ಅಂದ ಥರ್ಮನ್. ದನಿ ಏರಿಸಲಿಲ್ಲ. ಸೀಮೆಸುಣ್ಣವನ್ನು ವೈಲಿಯ ಕಡೆ ಚಾಚಿದ. "ನೀನು ಬರಿಯಪ್ಪ. ನಿನ್ನ ಕಾಳಗ."

ತಂಡದವನೊಬ್ಬ ಹಿಂದಿನಿಂದ ಪಿಸುಗುಟ್ಟಿದ, "ಬರಿಯೋ ವೈಲಿ, ಗುಮ್ಮನ ಹಾಗೆ ನಿಲ್ಬೇಡ. ಒಳಗಿದ್ದೆ ಅಂತ ಬರಿ, ಮುಗೀತು." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ವೈಲಿಯ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಗುರು ತಾನೇ ಗೊತ್ತಿಲ್ಲ ಅಂದ ಮೇಲೆ, ಒಂದು ನೀಲಿ ಗೆರೆ ಎಳೆದರೆ ಆಕಾಶ ಅವನದ್ದು.

ವೈಲಿ ಬೋರ್ಡಿನ ಹತ್ತಿರ ಬಂದು ಸೀಮೆಸುಣ್ಣ ತೆಗೆದುಕೊಂಡ. ಥರ್ಮನ್ ನಿಲ್ಲಿಸಿದ ಕಡೆಯಿಂದ ಗೆರೆ ಎಳೆದ, ಮೇಲಕ್ಕೆ ತೆಗೆದುಕೊಂಡು ಹೋದ. ಅದರ ತುದಿಯಲ್ಲಿ ಒಂದು ದೊಡ್ಡ ಸೊನ್ನೆ ಹಾಕಿದ.

"ಇದೇನು?" ಅಂದ ಕರ್ನಲ್.

"ಸೂರ್ಯ, ಸರ್." ವೈಲಿ ಗೆರೆಯ ನಡುವೆ ಬೆರಳಿಟ್ಟ. "ಇಲ್ಲಿ ನನಗೆ ಮೇಜರ್ ಕಾಣಿಸಲಿಲ್ಲ. ಎಲ್ಲೋ ಕಳೆದುಕೊಂಡೆ. ಮೂಗು ಎತ್ತಿದಾಗ ಕಿವೀಲಿ ಗುರ್ ಅಂತು. ಇದ್ದಾರೇನೋ ಅಂತ ಒತ್ತಿಬಿಟ್ಟೆ. ಆಮೇಲೆ ನೋಡಿದ್ರೆ ಎದುರಿಗೆ ಸೂರ್ಯ ಇದ್ದ."

ಕ್ಷಿಪಣಿಯ ತಲೆಗೆ ಬಿಸಿ ಎಂದರೆ ಬಿಸಿ ಅಷ್ಟೆ. ಎಂಜಿನ್ನೋ ಸೂರ್ಯನೋ ಅದಕ್ಕೆ ಗೊತ್ತಾಗುವುದಿಲ್ಲ. ಯಾರೋ ಕಿಸಕ್ಕನೆ ನಕ್ಕರು. "ಭೇಷ್, ದೊಡ್ಡ ಬೇಟೆನೇ ಹೊಡೆದಿದ್ದೀಯ! ನಾಳೆಯಿಂದ ನಮಗೆಲ್ಲ ಟಾರ್ಚು." ನಾನು ಹಿಂದಕ್ಕೆ ತಿರುಗಿ ನೋಡಿದೆ. ನಗು ನಿಂತಿತು.

ಕರ್ನಲ್ ಎದ್ದು ಪ್ಯಾಂಟು ಸರಿಮಾಡಿಕೊಂಡ. "ಒಳ್ಳೇ ಹುಡುಗ ನೀನು, ನಿಜ ಹೇಳಿದೆ. ಹಾಗಾದ್ರೆ ತೀರ್ಮಾನ ಆಯ್ತು. ಮೂರನೇ ಸೋಲು."

"ಆಗಿಲ್ಲ," ಅಂದ ಥರ್ಮನ್.

"ಅವನೇ ಒಪ್ಪಿಕೊಂಡ್ನಲ್ಲ ಮಾರಾಯ!"

"ತಾನು ಹೊಡೀಲಿಲ್ಲ ಅಂತ ಒಪ್ಕೊಂಡ. ನಾನು ಹೊಡೆದೆ ಅಂತ ಅವನು ಹೇಗೆ ಹೇಳ್ತಾನೆ? ಅವನಿಗೆ ನಾನು ಕಾಣಿಸೇ ಇಲ್ಲ. ನಾನೂ ಹೇಳಲ್ಲ. ಯಂತ್ರಾನೂ ಹೇಳ್ತಿಲ್ಲ. ಮೂರು ಜನಕ್ಕೂ ಗೊತ್ತಿಲ್ಲದ ಸೋಲು ಯಾವುದು? ನಾಳೆ ಮತ್ತೆ ಹಾರ್ತೀವಿ."

"ವಿಮಾನದ ಎಣ್ಣೆ ಯಾರ ಅಪ್ಪನ ಮನೇದು? ನಾಳೆ ಬೇರೆಯವರ ಸರದಿ ಇದೆ."

"ನನ್ನ ಸರದಿ ಇದೆಯಲ್ಲ ನಾಳೆ. ಅದನ್ನೇ ಕೊಡಿ. ಕೊಡಲ್ಲ ಅಂದ್ರೆ ಸೋಲು ಅಂತ ನೀವೇ ಬರಕೊಳ್ಳಿ, ನನ್ನ ಹೆಸರು ಹಾಕ್ಬೇಡಿ."

ಕರ್ನಲ್ ಅವನನ್ನು ದಿಟ್ಟಿಸಿದ. ಆ ಕೋಣೆಯಲ್ಲಿ ದರ್ಜೆ ಇಲ್ಲ ಅನ್ನುವ ನಿಯಮ ಎಷ್ಟು ದೂರ ಎಳೆದರೆ ಹರಿಯುತ್ತದೆ ಅಂತ ನಾವೆಲ್ಲ ಕಾದೆವು. ಕರ್ನಲ್ ಬಾಗಿಲಿಗೆ ಹೋಗಿ, ಬುಟ್ಟಿಯಿಂದ ತನ್ನ ಪಟ್ಟಿ ಹುಡುಕಿ ತೆಗೆದು ಭುಜಕ್ಕೆ ಅಂಟಿಸಿಕೊಂಡ. "ನಾಳೆ ಬೆಳಿಗ್ಗೆ. ಪಾಡ್ ಇನ್ನೊಂದ್ಸಲ ಸತ್ರೆ ಇವನನ್ನೇ ಕಟ್ಟಿ ಹಾರಿಸಿ," ಅಂತ ನನ್ನ ಕಡೆ ಬೊಟ್ಟು ಮಾಡಿ ಹೊರಟುಹೋದ.

ಆ ಸಂಜೆ ನಾನು ಪಾಡಿನ ತಂತಿ ಒಂದೊಂದನ್ನೂ ಬಯ್ಯುತ್ತ ನೋಡಿದೆ. ನಡೀನ್ ಟಾರ್ಚು ಹಿಡಿದಳು.

ಬೆಳಿಗ್ಗೆ ಎರಡೂ ಗೆರೆ ಕೊನೆಯ ತನಕ ಬೆಳಗಿದವು. ನಾನು ಆ ಪರದೆಯ ಮೇಲೆ ನೂರಾರು ಕಾಳಗ ನೋಡಿದ್ದೇನೆ, ಆದರೆ ಹಾಗೆ ಮುಷ್ಟಿ ಬಿಗಿಹಿಡಿದು ನೋಡಿದ್ದು ಅದೊಂದೇ. ವೈಲಿ ಎರಡನೆಯ ಸುತ್ತು ದಾಟಿದ. ಮೂರನೆಯದೂ ದಾಟಿದ. ರೇಡಿಯೋದಲ್ಲಿ ಏದುಸಿರಿನ ನಡುವೆ "ಕಾಣ್ತಿದ್ದಾರೆ... ಕಾಣ್ತಿದ್ದಾರೆ..." ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಒಂದು ಗಳಿಗೆ ಅವನೇ ಒಳಗಿದ್ದ. ನಡೀನ್ ನನ್ನ ತೋಳು ಹಿಡಿದಳು. ಆಮೇಲೆ ಅವನ ಗೆರೆ ಕೊಂಚ ಮೇಲೆದ್ದಿತು, ವೇಗದ ಅಂಕಿ ಇಳಿಯಿತು, ಥರ್ಮನ್ನನ ಗೆರೆ ಕೆಳಗಿನಿಂದ ನುಣ್ಣಗೆ ಬಂದು ಸೇರಿಕೊಂಡಿತು. "ಹೊಡೆದೆ." ಒಂದೇ ದನಿ. ಪರದೆ ಲೆಕ್ಕ ಹಾಕಿತು. ವೈಲಿಯ ವಿಮಾನದ ಸುತ್ತ ಸಾವಿನ ಗುರುತು ಮೂಡಿತು.

ಸೋಲು. ಈ ಸಲ ವಾದಕ್ಕೆ ಜಾಗವಿರಲಿಲ್ಲ. ಇಬ್ಬರೂ ಇಳಿದು ಒಳಗೆ ಬಂದರು.

"ನಿನ್ನೆನೇ ಮುಗೀತಿತ್ತು," ಅಂದ ಕರ್ನಲ್, ಟೋಪಿ ಹಾಕಿಕೊಳ್ಳುತ್ತ. "ಅದೇ ಫಲಿತಾಂಶ, ಒಂದು ಟ್ಯಾಂಕು ಎಣ್ಣೆ ದಂಡ." ಎಣ್ಣೆ ಕೊಡುವ ದೊಡ್ಡ ವಿಮಾನಗಳ ಪಡೆಗೆ ವೈಲಿ ಹೋಗಬೇಕೆಂದು ಅಲ್ಲೇ ಹೇಳಿದ. ಯುದ್ಧವಿಮಾನಗಳಿಗೆ ಗಾಳಿಯಲ್ಲೇ ಕೊಳವೆ ಇಳಿಬಿಟ್ಟು ಎಣ್ಣೆ ಕುಡಿಸುವ ವಿಮಾನ ಅವು. ಒಳ್ಳೆಯ ಕೆಲಸವೇ. ಆದರೆ ಅಂದು ಅದನ್ನು ಅವನಿಗೆ ಯಾರು ಹೇಳುತ್ತಾರೆ?

ನನ್ನ ಮಟ್ಟಿಗೆ ಕರ್ನಲ್ ಹೇಳಿದ್ದೇ ಸರಿ ಅನಿಸಿತ್ತು. ಒಂದು ದಿನ ಜಾಸ್ತಿ ಆಸೆ ತೋರಿಸಿ ಕೊಂದ ಹಾಗಾಯಿತಲ್ಲ, ಇದೆಂಥ ನ್ಯಾಯ ಅಂತ ಥರ್ಮನ್ನನ ಮೇಲೇ ಸಿಟ್ಟು ಬಂದಿತ್ತು. ಎಲ್ಲರೂ ಹೋದರು. ಥರ್ಮನ್, ವೈಲಿ ಇಬ್ಬರು ಮಾತ್ರ ಉಳಿದರು.

"ಸರ್, ಇನ್ನೊಂದ್ಸಲ ಹಾಕ್ತೀರಾ?" ಅಂದ ವೈಲಿ ನನಗೆ.

ಹಾಕಿದೆ. ನೋಡಿದ. ಇನ್ನೊಂದು ಸಲ ಅಂದ. ಥರ್ಮನ್ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಏನೂ ಕಲಿಸಲು ಹೋಗಲಿಲ್ಲ. ವೈಲಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಮತ್ತೆ ಮತ್ತೆ ಹಾಕಿಸಿದ. ಕೊನೆಗೆ ಒಂದು ಕಡೆ ಕೈ ಎತ್ತಿದ. ನಿಲ್ಲಿಸಿದೆ.

"ಇಲ್ಲಿ," ಅಂದ. "ಇಲ್ಲಿ ನೀವು ಕಾಣ್ತಾ ಇದ್ರಿ. ಇನ್ನೂ ಚೆನ್ನಾಗಿ ಕಾಣ್ಲಿ ಅಂತ ಮೂಗು ಎತ್ತಿದೆ. ಅದಕ್ಕೇ ಸತ್ತೆ."

"ಹೌದು."

"ನಿನ್ನೆ ಕಳೆದುಕೊಂಡೆ ಅಂತ ಇವತ್ತು ಅಷ್ಟು ಹೆದರಿಕೆ."

"ಹೌದಪ್ಪ. ನಾನು ಇಪ್ಪತ್ತು ವರ್ಷ ಕಾಣದ್ದನ್ನ ಕಂಡೆ ಅಂತ ಬರೆದಿದ್ದೂ ಅದೇ ಹೆದರಿಕೆಗೆ ಅಂತ ಇತ್ತೀಚೆಗೆ ಗೊತ್ತಾಯ್ತು. ನಿನಗೆ ಬೇಗ ಸಿಕ್ತು."

ವೈಲಿ ನಗಲು ನೋಡಿದ, ಆಗಲಿಲ್ಲ. ಕಣ್ಣು ಒರೆಸಿಕೊಂಡ. ನಾನು ಪರದೆಯ ಹಿಂದೆ ಏನೋ ಕೆಲಸವಿದ್ದವನ ಹಾಗೆ ಬಗ್ಗಿದೆ.

"ನಿನ್ನೆ ನೀವೊಂದು ಮಾತು ಹೇಳಿದ್ರೆ ನಿನ್ನೆನೇ ಹೋಗ್ತಿದ್ದೆ ಸರ್."

"ಹೋಗ್ತಿದ್ದೆ. ಆದ್ರೆ ಯಾಕೆ ಹೋದೆ ಅಂತ ಗೊತ್ತಾಗ್ತಿರ್ಲಿಲ್ಲ. ಥರ್ಮನ್ ಹೇಳಿದ, ಅದಕ್ಕೆ ಹೋದೆ ಅಂತ ಸಾಯೋ ತನಕ ಅಂದ್ಕೊಂಡಿರ್ತಿದ್ದೆ."

ವೈಲಿ ಪರದೆಯಿಂದ ಹಿಂದೆ ಸರಿದು ನೆಟ್ಟಗೆ ನಿಂತ. ಆಮೇಲೆ ತಿರುಗಿ, "ಇಲ್ಲಿ ಫೋನ್ ಎಲ್ಲಿದೆ ಸರ್?" ಅಂದ. "ನಿನ್ನೆ ಸಂಜೆಯಿಂದ ಅಪ್ಪನಿಗೆ ಮಾಡ್ಬೇಕು ಅಂತ ಇದ್ದೆ. ಏನು ಹೇಳ್ಬೇಕೋ ಗೊತ್ತಾಗಿರ್ಲಿಲ್ಲ."

ನನ್ನ ಮೇಜಿನ ಮೇಲಿದ್ದ ಫೋನನ್ನು ಅವನ ಕಡೆ ತಳ್ಳಿದೆ. ಊರಾಚೆಯ ಕರೆಗೆ ಅದನ್ನು ಬಳಸಕೂಡದು ಅಂತ ನಿಯಮ. ಬಳಸಲಿ. ಥರ್ಮನ್ ಎದ್ದ, ನಾನೂ ಎದ್ದೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.